ಜೀನ್ಸ್ ಪ್ಯಾಂಟಿಗೆ ಕೌದಿ ಹೊಲಿಗೆ

ತಿಳವಳ್ಳಿ

ಅತ್ತೆವ್ವಾ,

ನಿಮ್ಮ ಸೊಸೆ ತನುಜಾಳ ಶರಣು. ಇದನ್ನು ನಾದಿನಿ ಸುಧಾರಾಣಿ ನಿಮಗೆ ಓದಿ ಹೇಳಲಿ.

ನೀವು ಹುಲಗೂರಿಗೆ ಮಗಳ ಮನೆಗೆ ಹೋದ ಮೇಲೆ ನಿಮ್ಮ ಮಗನ ಜೀನ್ಸ್ ಪ್ಯಾಂಟಿನ ಹರಿದ ಮೊಣಕಾಲನ್ನು ನಾನೊಬ್ಬಳೇ ಹೊಲಿದು ಮುಗಿಸಿದೆ. ಅವರು ತೀರಿಕೊಂಡಾಗ ಬಟ್ಟೆಯನ್ನೆಲ್ಲ ಕೊಟ್ಟುಬಿಡಿ ಎಂದರು ಮಂದಿ. "ಗೋವಿನಜ್ವಾಳದ ಎಲಿ ಕಾಲು ಗೀರತಾವ, ಇದನ್ನ ಹಾಕ್ಕೊಂಡು ಹೊಲಕ್ಕ ಹೋಗವ್ವಾ" ಎಂದು ಇದೊಂದನ್ನು ನೀವು ತೆಗೆದಿಟ್ಟಿರಿ. ಈಗ ಓಣಿಯವರು ನೋಡಿ ನಗುತ್ತಾರೆ. ನಗಲಿ, ನನ್ನ ಕಾಲು ಉಳಿದಿವೆ.

ತೇಪೆ ಹಾಕಲು ಕೂತ ಮೊದಲ ದಿನ ನೆನಪಿದೆಯೇ? ಹಳೆಯ ಸೀರೆಗಳ ಕೌದಿ ಹೊಲಿಯುವ ಹಾಗೆ ನೆಲಕ್ಕೆ ಹಾಸಿ ಹೊಲಿದೆ. ತೇಪೆಯ ಜೊತೆ ಹಿಂಬದಿಯ ಬಟ್ಟೆಯೂ ಸೇರಿ ಪ್ಯಾಂಟಿನ ಕಾಲೇ ಮುಚ್ಚಿಹೋಯಿತು. "ಹುಚ್ಚಿ, ಇದರಾಗ ಕಾಲು ಹಾಕಬೇಕೋ ಬ್ಯಾಡೋ?" ಎಂದು ನಕ್ಕಿರಿ. ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಕಾಳು ಅಳೆಯುವ ಸೇರನ್ನು ಒಳಗಿಟ್ಟು ಹೊಲಿಯಲು ಆಮೇಲೆ ನೀವೇ ಕಲಿಸಿದಿರಿ. ನನ್ನ ಹೊಲಿಗೆ ನಿಮ್ಮಷ್ಟು ನೆಟ್ಟಗಿಲ್ಲ, ಗಟ್ಟಿಯಂತೂ ಇದೆ. ಈ ಉಪಕಾರವನ್ನು ನಾನು ಮರೆಯುವುದಿಲ್ಲ.

ಇನ್ನೊಂದು ಮೊಣಕಾಲೂ ಸವೆದಿದೆ. ಬರುವಾಗ ದಪ್ಪ ಸೂಜಿ ತನ್ನಿ, ಇಲ್ಲಿಯವು ಮುರಿಯುತ್ತವೆ.

ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮುಂಚೆ ನೀವು ಒಳಗೆ ರೊಟ್ಟಿಯ ಚೂರು ಇಡುತ್ತೀರಲ್ಲ, ಈ ತೇಪೆಯೊಳಗೆ ನಾನೂ ಇಟ್ಟೆ. ಆ ಕೊನೆಯ ಮುಂಜಾನೆ ಅವರು ಉಣ್ಣದೆಯೇ ಮನೆಯಿಂದ ಹೊರಟಿದ್ದರು.

ನಿಮ್ಮ ದಾರಿ ನೋಡುತ್ತಿರುವ,
ತನುಜಾ