ಎಸ್ತರ್ ಮನೆಯ ಬಾಗಿಲು

ಜೂನ್ 4, 2012, ಸೋಮವಾರ. ಸ್ಟರ್ಲಿಂಗ್, ವಾಷಿಂಗ್ಟನ್ ಹತ್ತಿರ

ಇವತ್ತು ಮೂವತ್ತೊಂದು ಪತ್ರ. ಶೇಷಾದ್ರಿ ಎಂಟಕ್ಕೇ ಆಫೀಸಿಗೆ ಹೋದರು. ಆಮೇಲೆ ನಾನು, ಲ್ಯಾಪ್‌ಟಾಪ್, ಜಾಂಬಿಯಾ. ಅಲ್ಲಿ ಹೊಸ ಸಂವಿಧಾನದ ಕರಡು ಬಂದಿದೆ. ಹಳ್ಳಿಯವರು ಬರೆದ ಅಭಿಪ್ರಾಯಗಳನ್ನು ವಾಷಿಂಗ್ಟನ್ನಿನ ಪುಟ್ಟ ಸಂಸ್ಥೆಯೊಂದು ಸ್ಕ್ಯಾನ್ ಮಾಡಿ ಕಳಿಸುತ್ತದೆ. ಯಾವ ವಿಧಿಯ ಬಗ್ಗೆ ಎಂದು ನೋಡಿ ಟೇಬಲ್ಲಿಗೆ ಸೇರಿಸಬೇಕು. ಸಂಬಳವಿಲ್ಲ. ಮೈಸೂರು ಕೋರ್ಟಿನಲ್ಲಿ ಒಂಬತ್ತು ವರ್ಷ ವಕೀಲಿ ಮಾಡಿದವಳು... ಇಲ್ಲಿ ವೀಸಾದ ಪ್ರಕಾರ ಬರೀ ಶೇಷಾದ್ರಿಯವರ ಹೆಂಡತಿ, ಸಂಬಳದ ಕೆಲಸ ಮಾಡುವಂತಿಲ್ಲ.

ವಿಧಿ ಸಂಖ್ಯೆ ಬರೆಯದ ಪತ್ರಗಳೆಲ್ಲ ‘ಇತರೆ’ಗೆ. ನಿಯಮ ಅಂದರೆ ನಿಯಮ.

ಜೂನ್ 6

ಒಂದು ಪತ್ರವನ್ನು ಮೂರು ಸಲ ಓದಿದೆ. ಎಸ್ತರ್ ಮುಲೆಂಗಾ, ಕಸಾಮಾ ಹತ್ತಿರದ ಹಳ್ಳಿ. ಗಂಡ ಮಾರ್ಚಿನಲ್ಲಿ ತೀರಿಕೊಂಡ. ಮೈದುನರು ಬಂದು ಪಾತ್ರೆ, ಹೊಲಿಗೆ ಯಂತ್ರ, ಕೊನೆಗೆ ಮನೆಯ ಬಾಗಿಲನ್ನೂ ಕಿತ್ತುಕೊಂಡು ಹೋದರಂತೆ. ಸಂಪ್ರದಾಯವಂತೆ. ‘ಬಾಗಿಲು ನನ್ನದು ಎಂದು ಕಾನೂನಿನಲ್ಲಿ ಬರೆಯಿರಿ. ಹೀಗೆ ಕೇಳಿದೆನೆಂದು ಅವರಿಗೆ ಗೊತ್ತಾದರೆ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ.’

ವಿಧಿ ಸಂಖ್ಯೆ ಇಲ್ಲ. ‘ಇತರೆ’.

ಜೂನ್ 12, ಬೆಳಿಗ್ಗೆ

ಗ್ರೇಸ್ ಫೋನ್ ಮಾಡಿದ್ದಳು. ಸಂಸ್ಥೆ ನಡೆಸುವವಳು, ಜಾಂಬಿಯಾದವಳೇ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ.

“ಶ್ರೀಲತಾ, ‘ಇತರೆ’ನ ಯಾರೂ ಓದಲ್ಲ. ಕರಡು ಸಮಿತಿಗೆ ಹೋಗೋದು ವಿಧಿವಾರು ಟೇಬಲ್ ಮಾತ್ರ. ನಮ್ಮ ಹಳ್ಳಿ ಹೆಂಗಸರಿಗೆ ವಿಧಿ ನಂಬರ್ ಗೊತ್ತಿದ್ದಿದ್ರೆ ನಿನ್ನಂಥ ವಕೀಲರು ಯಾಕೆ ಬೇಕಿತ್ತು?”

ಅರವತ್ತನಾಲ್ಕು ಪತ್ರ ಹೂತುಹಾಕಿದ್ದೇನೆ. ನಾಚಿಕೆಯಾಯಿತು. ಅವನ್ನೆಲ್ಲ ವಿಧಿಗೆ ಸೇರಿಸಿ ಕಳಿಸಲು ಶುಕ್ರವಾರ ಕೊನೆಯ ದಿನ.

ಸಂಜೆ

ಶೇಷಾದ್ರಿ ನಗುತ್ತಾ, “ಪೇಮೆಂಟ್ ಇಲ್ದಿರೋ ಕೆಲ್ಸಕ್ಕೆ ಇಷ್ಟು ಸ್ಟ್ರೆಸ್ ಯಾಕೆ ಮಾಡ್ಕೋತೀಯ? ನಿನ್ ಹೆಸ್ರೂ ಹಾಕಲ್ಲ ಅವ್ರು” ಅಂದರು. ಸಾರು ಬಡಿಸಿದೆ. ದಿನವಿಡೀ ಮಾತಾಡಲು ಸಿಗುವವರು ಇವರೊಬ್ಬರೇ — ಇವರ ಜೊತೆಯೂ ಮಾತಿಲ್ಲ. ತುಂಬಾ ಒಂಟಿ ಅನ್ನಿಸಿತು.

ಜೂನ್ 14

ಅರವತ್ತಮೂರು ಮುಗಿದವು. ಕೊನೆಗೆ ಉಳಿದ ಎಸ್ತರ್ ಪತ್ರ ಸಮಾನತೆಯ ವಿಧಿಯ ಕೆಳಗೆ. ಹೆಸರು, ಊರು ತೆಗೆದೆ. ಅವಳ ಮಾತು ಹಾಗೇ ಇಟ್ಟೆ. ಗ್ರೇಸ್‌ಗೆ ಖುಷಿ. “ಆದ್ರೆ ಬಾಗಿಲಿನ ಕತೆ ಓದಿದ್ರೆ ಊರಿನವರಿಗೆ ಅವಳೇ ಅಂತ ಗೊತ್ತಾಗುತ್ತೆ. ಹಾಕಬಹುದಾ ಅಂತ ಅವಳನ್ನೇ ಕೇಳು. ಫಾರ್ಮಿನಲ್ಲಿ ನಂಬರ್ ಇದೆ.”

ಜೂನ್ 15, ಬೆಳಿಗ್ಗೆ 9:40

ಕಾಲಿಂಗ್ ಕಾರ್ಡ್ ತಂದು ಎಸ್ತರ್ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಗಂಡಸು. ಮೆತ್ತಗಿನ ದನಿ. “ತಾವು ಯಾರು?”

ಮೂರು ವರ್ಷವಾಗಿತ್ತು ಯಾರಾದರೂ ನನ್ನನ್ನು ಹಾಗೆ ಕೇಳಿ. ಬಾಯಿ ತಡೆಯಲಿಲ್ಲ. “ಅಡ್ವೊಕೇಟ್ ಶ್ರೀಲತಾ, ವಾಷಿಂಗ್ಟನ್ನಿನಿಂದ. ಎಸ್ತರ್ ಬಾಗಿಲಿನ ಬಗ್ಗೆ ಬರೆದಿದ್ದರಲ್ಲ, ಆ ವಿಷಯ.” ಎಷ್ಟು ಜೋರಾಗಿ ಹೇಳಿದೆ!

ಅದೇ ಮೆತ್ತಗಿನ ದನಿ — “ಇದು ನಮ್ಮಣ್ಣನ ಫೋನ್, ಮೇಡಂ. ಅವನು ತೀರಿಕೊಂಡ ಮೇಲೆ ಎಸ್ತರ್ ಹತ್ತಿರ ಇತ್ತು, ಹೋದ ವಾರ ನಾನು ತಗೊಂಡೆ. ಬರೆದಿದ್ದಾಳಾ? ಏನಂತ?”

ಇಟ್ಟುಬಿಟ್ಟೆ.

9:55

ಮತ್ತೆ ಮಾಡಿದೆ. ಸ್ವಿಚ್ ಆಫ್. ಗ್ರೇಸ್‌ಗೆ ಹೇಳಬೇಕು. ಅವಳೂ ಎತ್ತುತ್ತಿಲ್ಲ.

10:10

ಪತ್ರ ತೆಗೆದು ನೋಡಿದೆ. ಇಬ್ಬರು ಮಕ್ಕಳು. ದೊಡ್ಡದಕ್ಕೆ ನಾಲ್ಕು ವರ್ಷ. ಚಿಕ್ಕದು ಇನ್ನೂ ಮೊಲೆಹಾಲು ಬಿಟ್ಟಿಲ್ಲ. ಗೊತ್ತಾದರೆ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ ಎಂದು ಅವಳು ಬರೆದಿದ್ದಳು; ಗೊತ್ತುಮಾಡಿದ್ದು ನಾನು.