ಕ್ಲೆಮೆಂಟಿನಾ ಹಾಡದೆ ನಿಂತ ಹೊತ್ತು

ಹೊಸ ಅಂಕೋಲೆ
ಹದಿಮೂರನೆಯ ತಿಂಗಳ ಮೂವತ್ತೊಂಬತ್ತನೆಯ ದಿನ, ೨೨೮೭

ಮಾನ್ಯ ವಾರಿಜಾ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಹೊರಗೆ ಕಾಲಿಡಲಾಗದ ಸೆಕೆಯ ದಿನಗಳನ್ನೆಲ್ಲ ನಾವು ಹದಿಮೂರನೆಯ ತಿಂಗಳೆಂದು ಬೇರೆಯಾಗಿ ಎಣಿಸುತ್ತೇವೆ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು. ಬರೆಯಲು ಕಲಿತದ್ದು ಹಳೆಯ ಅನುವಾದಗಳಿಂದ, ಕ್ಷಮಿಸಿ. ಇನ್ನೂರಕ್ಕೂ ಹೆಚ್ಚು ವರ್ಷ ಹಿಂದಿರುವ ನಿಮ್ಮನ್ನು ಈ ಕಾಗದ ಹೇಗೆ ತಲುಪುತ್ತದೆ ಎಂಬುದನ್ನು ವಿವರಿಸಲಾರೆ. ತಲುಪಲೇಬೇಕು.

ಮೊಜಾಂಬಿಕ್‌ನ ಗಾಯಕಿ ಕ್ಲೆಮೆಂಟಿನಾ ಮತಾವೆಲೆಯ ಬಗ್ಗೆ ನೀವು ತೆಗೆಯುತ್ತಿರುವ ಸಾಕ್ಷ್ಯಚಿತ್ರವನ್ನು ನಾವು ಪ್ರತಿ ವರ್ಷ ತಂಪುಗುಂಡಿಯಲ್ಲಿ ನೋಡುತ್ತೇವೆ. ತಂಪುಗುಂಡಿಯೆಂದರೆ ಸೆಕೆಯಲ್ಲಿ ಇಡೀ ಕೇರಿ ಹಗಲು ಕಳೆಯುವ ನೆಲಮಾಳಿಗೆ. ಅಲ್ಲೇ ಗೆಣಸು ಬೇಯುತ್ತದೆ, ಬಲೆ ಹೆಣೆಯುತ್ತಾರೆ, ಜಗಳವೂ ಆಗುತ್ತದೆ. ಅವಳು ಮರದ ವಾದ್ಯಕ್ಕೆ ಮೇಣ ಹಚ್ಚಿ ಶ್ರುತಿ ಮಾಡುವುದು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಗನನ್ನು ಬೈಯುವುದು, ಬಂದರಿನ ಕೂಲಿಗಳ ಮುಂದೆ ಮೆರವಣಿಗೆಯಲ್ಲಿ ನಡೆಯುವುದು, ಎಲ್ಲವೂ ನಮ್ಮ ಮಕ್ಕಳಿಗೂ ಬಾಯಿಪಾಠ. ಆಮೇಲೆ ಆ ಕ್ರೀಡಾಂಗಣ. ಸೇನಾಧಿಪತಿ ಬಂದು ಕೂರುತ್ತಾನೆ. ಅವನನ್ನು ಹೊಗಳಿ ಹಾಡಬೇಕಾದವಳು ಮೈಕಿನ ಮುಂದೆ ಬಾಯಿ ಮುಚ್ಚಿ ನಿಲ್ಲುತ್ತಾಳೆ. ಡೋಲುಗಳು ಒಂದೊಂದಾಗಿ ನಿಲ್ಲುತ್ತವೆ. ಅಷ್ಟು ಹೊತ್ತು ನಾವೂ ಬೀಸಣಿಗೆ ಆಡಿಸುವುದಿಲ್ಲ. ಕೂಸುಗಳು ಅಳದಿರಲೆಂದು ತಾಯಂದಿರು ಮೊದಲೇ ಹಾಲೂಡಿಸಿರುತ್ತಾರೆ.

ಕಳೆದ ವರ್ಷ ಚಿತ್ರದ ಬಣ್ಣ ಮಾಸಿತೆಂದು ನಾವೇ ಅದನ್ನು ತುಂಬುಮನೆಗೆ ಕೊಟ್ಟೆವು. ಹಳೆಯ ಚಿತ್ರಗಳಲ್ಲಿ ಅಳಿದುಹೋದದ್ದನ್ನು ಯಂತ್ರದಿಂದ ತುಂಬಿಕೊಡುವ ಕಚೇರಿ ಅದು. ಚಿತ್ರ ವಾಪಸು ತಂದವನು ಬಹಳ ವಿನಯವಂತ.

"ಒಂದು ಕಡೆ ಧ್ವನಿ ಪೂರ್ತಿ ಹೋಗಿತ್ತು ಅಮ್ಮ, ಸರಿಮಾಡಿದ್ದೇವೆ" ಎಂದ.

ನನ್ನ ದೊಡ್ಡಮ್ಮ ರೊಜಾರಿನ್ ಸಿದ್ದಿ ಗೆಣಸು ಸುಲಿಯುತ್ತ ಹೇಳಿದಳು: "ಹೋಗಿದ್ದಲ್ಲ ಮಾರಾಯಾ, ಅವ್ಳೇ ಬಾಯಿ ಮುಚ್ಕಂಡಿದ್ದು. ನಿನ್ ಯಂತ್ರಕ್ಕೂ ಅದನ್ನ ಸ್ವಲ್ಪ ಕಲ್ಸು."

ಅವನು ನಕ್ಕ. ದೊಡ್ಡಮ್ಮನ ಹೆಸರು ಕೇಳಿಕೊಂಡು ಹೋದ.

ಈಗ ಚಿತ್ರದಲ್ಲಿ ಕ್ಲೆಮೆಂಟಿನಾ ಸೇನಾಧಿಪತಿಯನ್ನು ಹೊಗಳಿ ಹಾಡುತ್ತಾಳೆ. ತುಟಿಯೂ ಆಡುತ್ತದೆ. ಧ್ವನಿ ಅವಳದೇ, ಚೆನ್ನಾಗಿಯೂ ಇದೆ. ನಮ್ಮನ್ನು ಆಳುವ ಒಮ್ಮತ ಮಂಡಳಿಗೆ ಅದು ಬಹಳ ಹಿಡಿಸಿತು. ಅದೇ ಹಾಡಿನಲ್ಲಿ ತನ್ನ ಹೆಸರನ್ನೂ ಸೇರಿಸಿದೆ. ನಾಳೆ ಎಲ್ಲ ತಂಪುಗುಂಡಿಗಳಲ್ಲೂ ಚಿತ್ರ ತೋರಿಸುತ್ತಾರೆ, ಎಲ್ಲರೂ ದನಿಗೂಡಿಸಬೇಕು. ಸುಮ್ಮನಿದ್ದವರನ್ನು ಗಂಟಲವೈದ್ಯರ ಬಳಿಗೆ ಕಳಿಸುತ್ತಾರೆ. ದೋಣಿ ರಿಪೇರಿಯ ಕಮಲಾಕರ ಹಿಂದೊಮ್ಮೆ ಹಾಗೆ ಹೋಗಿ ಬಂದವನು. ಮೈಕೈ ತುಂಬಿಕೊಂಡಿದ್ದಾನೆ. ಮೊದಲು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದವನು ಈಗ ಉಣ್ಣುವಾಗಲೂ ನಿಲ್ಲಿಸದೆ, ನಗುನಗುತ್ತ ಮಾತಾಡುತ್ತಾನೆ. ಅವನ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳೆ.

ದೊಡ್ಡಮ್ಮ ನಾಳೆ ಬಾಯಿ ತೆರೆಯುವುದಿಲ್ಲ ಎಂದಿದ್ದಾಳೆ. ಅವಳು ಹೇಳಿದಂತೆ ಮಾಡುವವಳು.

ನನ್ನ ಕೋರಿಕೆ ಇಷ್ಟೇ. ಆ ದಿನ ಯಾಕೆ ಹಾಡಲಿಲ್ಲವೆಂದು ನಿಮ್ಮ ಚಿತ್ರದಲ್ಲಿ ಯಾರೂ ಕ್ಲೆಮೆಂಟಿನಾಳನ್ನು ಕೇಳುವುದಿಲ್ಲ. ನೋಡಿದವರಿಗೆ ತಾನೇ ತಿಳಿಯುತ್ತದೆಂದು ನೀವು ನಂಬಿರಬೇಕು. ನಮಗೆ ತಿಳಿದಿತ್ತು. ಆದರೆ ತಿಳಿದದ್ದನ್ನು ಮಂಡಳಿಯ ಮುಂದೆ ಸಾಬೀತು ಮಾಡಲು ಚಿತ್ರದಲ್ಲಿ ಒಂದು ಮಾತೂ ಇಲ್ಲ. ನಿಮ್ಮ ಕಾಲದಲ್ಲಿ ಅವಳಿನ್ನೂ ಬದುಕಿದ್ದಾಳೆ. ಹೋಗಿ ಕೇಳಿ. ತಾನು ಬೇಕೆಂದೇ ಹಾಡಲಿಲ್ಲವೆಂದು ಅವಳ ಬಾಯಿಂದಲೇ ಹೇಳಿಸಿ, ಚಿತ್ರದಲ್ಲಿ ಸೇರಿಸಿ. ಆಗ ಆ ಮೌನವನ್ನು ಹಾಳಾದ ಧ್ವನಿ ಎಂದು ಯಾರೂ ತುಂಬಲಾರರು.

ನಾಳೆ ಪಕ್ಕದಲ್ಲೇ ಕೂರು ಎಂದು ದೊಡ್ಡಮ್ಮ ನನಗೆ ಹೇಳಿದ್ದಾಳೆ. ಹೂಂ ಎಂದಿದ್ದೇನೆ. ಇವತ್ತು ಮಧ್ಯಾಹ್ನ ಸೊಪ್ಪು ಹೆಚ್ಚುವಾಗ ಆ ತುಂಬಿದ ಹಾಡನ್ನು ಗುನುಗುತ್ತಿದ್ದೇನೆಂದು ನನಗೆ ತಟ್ಟನೆ ಅರಿವಾಯಿತು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ದೊಡ್ಡಮ್ಮ ಅಲ್ಲೇ ಇದ್ದಳು. ಅವಳು ತಲೆ ಎತ್ತಲಿಲ್ಲ.

ಬೇಗ ಕೇಳಿ.

ಎಸ್ತೆರ್ ಸಿದ್ದಿ