ಇನ್ನೊಬ್ಬರ ಮನೆಯ ಬಾಣಂತನ

ಡಬ್ಲಿನ್
ಜೂನ್ ೨೬, ಗುರುವಾರ

ನನ್ನ ಬಂಗಾರ ಜೂಲಿಗೆ,

ಮುನಿಸಿಕೊಂಡ ಮಗಳಿಗೆ ತಪ್ಪು ಮಾಡಿದ ಅಮ್ಮನ ಮುತ್ತುಗಳು. ನಿನಗೆ ಒಂದು, ಕಂದನಿಗೆ ನೂರು.

ಫೋನ್ ಇರುವಾಗ ಕಾಗದ ಯಾಕೆ ಅಂತ ಮೂಗು ಮುರಿಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೊನ್ನೆ ವಿಡಿಯೋದಲ್ಲಿ ನೀನು ಕಂಡೆ ಅನ್ನುವಷ್ಟರಲ್ಲಿ ಫೋನನ್ನು ಗೋಡೆಗೆ ತಿರುಗಿಸಿಟ್ಟೆ. ನಾನು ಕಾಲು ಗಂಟೆ ನಿಮ್ಮ ಮನೆಯ ಹಸಿರು ಗೋಡೆಯ ಜೊತೆ ಮಾತಾಡಿದೆ. ನಿನ್ನೆ ನೆಲ್ಸನ್, "ಅತ್ತೆ, ಅವ್ಳು ಮಾತಾಡಲ್ಲ ಅಂತಾವ್ಳೆ, ನಾನೇನ್ ಮಾಡ್ಲಿ ಹೇಳಿ" ಅಂದ. ಪಾಪ, ಹೆಂಡತಿಗೂ ಅತ್ತೆಗೂ ಮಧ್ಯೆ ಸಿಕ್ಕಿ ಒದ್ದಾಡುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ. ಓದದೆ ಹರಿದು ಹಾಕಬೇಡ, ಅಷ್ಟೇ.

ಮೊದಲು ಇಲ್ಲಿಯ ಬದುಕು ಹೇಳಿಬಿಡುತ್ತೇನೆ. ಬೈಯುವುದಾದರೆ ಪೂರ್ತಿ ತಿಳಿದುಕೊಂಡು ಬೈ.

ಬಂದ ಹೊಸದರಲ್ಲಿ ನನಗೆ ಅಳುವೇ ಬರುತ್ತಿತ್ತು. ರಾತ್ರಿ ಹತ್ತಾದರೂ ಕಿಟಕಿಯಲ್ಲಿ ಬೆಳಕು, ನಿದ್ದೆ ಹತ್ತುವುದಾದರೂ ಹೇಗೆ? ಕಸಕ್ಕೆ ಮೂರು ಡಬ್ಬ. ಯಾವುದರಲ್ಲಿ ಏನು ಹಾಕಬೇಕು ಅಂತ ಈ ಮನೆಯ ಮಾಲವಿಕಾ ಹೇಳಿಕೊಟ್ಟಷ್ಟೂ ನಾನು ತಪ್ಪು ಹಾಕಿದೆ. ಬಸ್ಸಿಳಿಯುವಾಗ ಇಲ್ಲಿ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಯೂ ಹೇಳುತ್ತಾರೆ ಕಣೇ! ನಮ್ಮ ಸಿಟಿ ಬಸ್ಸಿನಲ್ಲಿ ಹಾಗಂದರೆ ಡ್ರೈವರ್ ಗಾಬರಿಯಾಗಿ ಗಾಡಿ ನಿಲ್ಲಿಸಿಯಾನು. ಭಾನುವಾರ ಚರ್ಚಿಗೆ ಬಲಿಪೂಜೆಗೆ ಹೋದರೆ ಜನರಿಗಿಂತ ಬೆಂಚುಗಳೇ ಜಾಸ್ತಿ. ಗುರುಗಳು ಕೇರಳದವರು. ನನ್ನ ಸೀರೆ ನೋಡಿ ಪೂಜೆಯ ಮಧ್ಯೆಯೇ ಮುಗುಳ್ನಕ್ಕರು.

ಇನ್ನು ಕೆಲಸದ ಮಾತು. ಮಾಲವಿಕಾ ಹುಟ್ಟಿದಾಗ ಜಯಲಕ್ಷ್ಮಿಪುರಂನ ಅವರ ಮನೆಯಲ್ಲಿ ಎಣ್ಣೆ ತಿಕ್ಕಿ ನೀರೆರೆದವಳು ನಾನೇ. ಈಗ ಅವಳ ತಾಯಿ ಗಿರಿಜಾಂಬಾ ಅವರಿಗೆ ಮಂಡಿ ಆಪರೇಷನ್ ಆಗಿ, ಮಗಳ ಬಾಣಂತನಕ್ಕೆ ನನ್ನನ್ನು ಇಲ್ಲಿಗೆ ಕಳಿಸಿದ್ದು ನಿನಗೆ ಗೊತ್ತೇ ಇದೆ. ಇವರ ಬಚ್ಚಲಲ್ಲಿ ನೀರು ಚೆಲ್ಲುವ ಹಾಗಿಲ್ಲ. ಟಬ್ಬಿನೊಳಗೆ ನಾನೇ ಇಳಿದು, ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎರೆಯುತ್ತೇನೆ. ಮೊದಲ ದಿನ ಎರೆದು, ಸಾಂಬ್ರಾಣಿ ಹೊಗೆ ಹಾಕೋಣ ಅಂತ ಬಾಣಲೆಯಲ್ಲಿ ಕೆಂಡ ಮಾಡಿ ಊದಿದೆ ನೋಡು, ಸೂರಿನಲ್ಲಿದ್ದ ಯಾವುದೋ ಯಂತ್ರ ಕಿರುಚಲು ಶುರು! ಕಟ್ಟಡದವರೆಲ್ಲ ಮಳೆಯಲ್ಲಿ ಕೆಳಗಿಳಿದರು, ಬೆಂಕಿ ಆರಿಸುವ ಗಾಡಿಯೇ ಬಂತು. ಪಕ್ಕದ ಮನೆಯ ಮೋರಾ ಅನ್ನುವ ಮುದುಕಿ ನೈಟಿಯಲ್ಲಿ ಬೆಕ್ಕನ್ನು ಅಪ್ಪಿಕೊಂಡು ನಡುಗುತ್ತಾ ನಿಂತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾರನೇ ದಿನ ರವೆ ಉಂಡೆ ಕಟ್ಟಿ ಅವಳ ಬಾಗಿಲಿಗೆ ಹೋದೆ. ಅಂದಿನಿಂದ ನಾವಿಬ್ಬರೂ ಗೆಳತಿಯರು.

ಈಗ ನಿನಗೆ ಹೇಳದ ಮಾತು.

ಜೂಲಿ, ನಾನಿಲ್ಲಿ ಸುಖವಾಗಿದ್ದೆ. ಬಾಗಿಲಿಗೆ ಒಳಗಿನಿಂದ ಚಿಲಕವಿರುವ ಕೋಣೆ ನನಗೆ ಈ ವಯಸ್ಸಿನಲ್ಲಿ ಮೊದಲ ಸಲ ಸಿಕ್ಕಿತು. ಮೈಸೂರಿನಲ್ಲಿ ನಾನು ಎಲ್ಲರಿಗೂ 'ಎಣ್ಣೆ ಅಗ್ನೆಸಮ್ಮ'. ಬೆಳಗಾದರೆ ಯಾರದೋ ಮನೆಯ ಬಿಸಿನೀರು, ಯಾರದೋ ಕೂಸು, ಸಂಜೆಗೆ ನಿಮ್ಮಪ್ಪನ ಕಾಯಿಲೆ. ಅವರು ಹೋದ ಮೇಲೂ ಕೈಗೆ ಬಿಡುವಿರಲಿಲ್ಲ. ಇಲ್ಲಿ ಮಧ್ಯಾಹ್ನ ಮಗು ಮಲಗಿದರೆ ಆ ಹೊತ್ತು ನನ್ನದು. ಕಾಲುವೆ ದಂಡೆಯ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಯಾರೂ ಕರೆಯುತ್ತಿರಲಿಲ್ಲ. ಆ ಸುಖಕ್ಕೆ ನಾಚಿಕೆಯಾಗುತ್ತಿತ್ತು, ಆದರೂ ಮಾರನೇ ದಿನ ಮತ್ತೆ ಹೋಗಿ ಕೂರುತ್ತಿದ್ದೆ.

ನಿನ್ನ ಮಗು ದಿನ ತುಂಬುವುದಕ್ಕೆ ಒಂದು ತಿಂಗಳು ಮುಂಚೆಯೇ ಹುಟ್ಟಿತಲ್ಲ, ಆ ಮಧ್ಯಾಹ್ನ ಮೋರಾ ನನ್ನನ್ನು ರೈಲಿನಲ್ಲಿ ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದಳು. ನಾನು ಸಮುದ್ರ ನೋಡಿದವಳೇ ಅಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನೀರಿನಲ್ಲಿ ನಿಂತೆ. ಫೋನ್ ಮನೆಯಲ್ಲಿ ಚಾರ್ಜಿಗೆ ಹಾಕಿದ್ದೆ. ನೆಲ್ಸನ್ ಅದೆಷ್ಟು ಸಲ ಮಾಡಿದ್ದನೋ! ನೀನು ಅಲ್ಲಿ "ಅಮ್ಮಾ" ಅಂತ ಕೂಗುವ ಹೊತ್ತಿಗೆ ನಿಮ್ಮಮ್ಮ ಇಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದಳು ಕಣೇ. ಇದನ್ನು ಯಾವ ಗುರುಗಳ ಹತ್ತಿರ ಪಾಪನಿವೇದನೆ ಮಾಡಲಿ?

ಅಷ್ಟೇ ಆಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ಸುದ್ದಿ ತಿಳಿದ ಕೂಡಲೇ ಮಾಲವಿಕಾ, "ಅಗ್ನೆಸಮ್ಮ, ನಾಳೆಯೇ ಟಿಕೆಟ್ ಮಾಡಿಸ್ತೀನಿ, ಹೊರಡಿ. ನಮ್ದು ಹೆಂಗೋ ಆಗುತ್ತೆ" ಅಂದಳು. ನಾನು ಬೇಡ ಅಂದೆ. ನಿನಗೆ ಮಾತ್ರ "ಅವರು ಬಿಡ್ತಾ ಇಲ್ಲ ಕಣಮ್ಮ" ಅಂದೆ. ನೀನು ಮಾಲವಿಕಾಳನ್ನು ಕಟುಕಿ ಅಂದೆಯಂತೆ. ಅವಳದೇನೂ ತಪ್ಪಿಲ್ಲ. ಆ ಮಾತು ನನಗೆ ಸೇರಬೇಕಾದ್ದು.

ಯಾಕೆ ಬೇಡ ಅಂದೆ? ಹೊರಡುವ ಹಿಂದಿನ ಸಂಜೆ ನೀನು, "ಊರವ್ರ ಮಕ್ಕಳಿಗೆಲ್ಲ ಎರೆದಾಯ್ತು. ನನ್ ಮಗು ಸರದಿ ಬಂದಾಗ ನಿಂಗೆ ಪ್ಲೇನ್ ಬಂದ್ಬುಡ್ತು" ಅಂದಿದ್ದೆ. ದಿನ ತುಂಬುವುದರೊಳಗೆ ಬಂದೇ ಬರುತ್ತೇನೆ ಅಂತ ನಾನು ಮಾತೆ ಮರಿಯಮ್ಮನ ಮೇಲೆ ಆಣೆ ಇಟ್ಟಿದ್ದೆ. ಆಣೆ ಮುರಿದ ಮುಖ ತೋರಿಸಲು ಹೆದರಿಕೆಯಾಯಿತು. ಇದು ಅರ್ಧ ನಿಜ. ಇನ್ನರ್ಧ ಏನೆಂದರೆ, ಇನ್ನೂ ಸ್ವಲ್ಪ ದಿನ ಇಲ್ಲಿ ಇರೋಣ ಅನ್ನಿಸಿತು. ನಿನಗೆ ಅತ್ತೆಯೂ ಇಲ್ಲ, ನಾನು ಬಿಟ್ಟರೆ ಕೈಹಿಡಿಯುವ ಹೆಂಗಸು ಯಾರೂ ಇಲ್ಲ ಅಂತ ಗೊತ್ತಿದ್ದೂ ಅನ್ನಿಸಿತು.

ಕಳೆದ ವಾರ ಮಗುವನ್ನು ನೋಡಲು ಸರ್ಕಾರದ ನರ್ಸ್ ಬಂದಿದ್ದಳು. ನನ್ನ ಕಾಲ ಮೇಲೆ ಮಗು ಕಣ್ಣು ಮುಚ್ಚಿ ಸುಖಪಡುವುದನ್ನು ನೋಡಿ, ನೀವು ಅಜ್ಜಿಯೇ ಅಂತ ಕೇಳಿದಳು. ನಾನು ಹೌದು ಅಂದುಬಿಟ್ಟೆ. ನನ್ನ ಸ್ವಂತ ಮೊಮ್ಮಗಳನ್ನು ನಾನಿನ್ನೂ ಮುಟ್ಟಿರಲಿಲ್ಲ.

ಆಮೇಲೆ ಆ ವಿಡಿಯೋ. ನೀನು ಫೋನ್ ತಿರುಗಿಸುವ ಮುಂಚೆ ಒಂದು ಗಳಿಗೆ ಎಲ್ಲ ಕಂಡಿತು. ನೆಲ್ಸನ್ ಲುಂಗಿ ಮೇಲೆ ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದ. ಗ್ಯಾರೇಜಿನಲ್ಲಿ ಬೈಕಿನ ಇಂಜಿನ್ ಇಳಿಸುವ ಕೈ, ಒಂದು ಚೊಂಬು ನೀರನ್ನು ಹನಿ ಹನಿಯಾಗಿ ಬಿಡುತ್ತಿತ್ತು. ಮಗುವನ್ನು ಬೋರಲು ಹಾಕಲೂ ಅವನಿಗೆ ಧೈರ್ಯವಿಲ್ಲ. ನೀನು ಹಸಿ ಕೂದಲಿನಲ್ಲಿ, ಕಿವಿಗೊಂದು ಬಟ್ಟೆಯೂ ಇಲ್ಲದೆ, ಗೋಡೆಗೆ ಒರಗಿದ್ದೆ. ನಿನ್ನ ಬಾಣಂತನಕ್ಕೇ ಅಂತ ತಾರಸಿಯ ಮೇಲೆ ಹಂಡೆ ಒಲೆ ಹಾಕಿಸಿ ಬಂದಿದ್ದೆನಲ್ಲ, ಅದನ್ನು ಇನ್ನೂ ಹಚ್ಚಲು ನೀನು ಬಿಟ್ಟಿಲ್ಲವಂತೆ. ಗೀಸರಿನ ನೀರೇ ಸಾಕು ಅಂದೆಯಂತೆ. ಮಾರನೇ ಬೆಳಿಗ್ಗೆ ಟಬ್ಬಿನಲ್ಲಿ ಕೂತರೆ ನನ್ನ ಕೈ ಏಳಲಿಲ್ಲ. ಅಲ್ಲೇ ಕೂತು ಗೋಳೋ ಅಂತ ಅತ್ತೆ. ಮಾಲವಿಕಾ ಓಡಿ ಬಂದಳು. ಅವಳ ಹೆಸರು ಹೇಳಿ ನಿನಗೆ ಸುಳ್ಳು ಹೇಳಿದ್ದನ್ನೂ ಹೇಳಿಬಿಟ್ಟೆ. ಅವಳು ಒದ್ದೆ ಟವೆಲನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಕ್ಷಮಿಸು ಅಂತ ಕೇಳಲು ಬಾಯಿ ಬರುತ್ತಿಲ್ಲ. ಬಾಣಂತನದ ಅರ್ಧ ದಿನಗಳು ಮುಗಿದೇಹೋದವು, ಅವನ್ನು ಎಲ್ಲಿಂದ ತರಲಿ? ಮಗುವಿಗೆ ಏನು ಹೆಸರು ಅಂತ ನೆಲ್ಸನ್‌ನನ್ನು ಕೇಳಿದೆ. "ಅದ್ನ ಅವ್ಳೇ ಹೇಳ್ತಾಳಂತೆ ಅತ್ತೆ, ಯಾವಾಗ ಮನಸ್ಸು ಬರುತ್ತೋ ಆವಾಗ" ಅಂದ. ಸರಿ, ಕಾಯುತ್ತೇನೆ. ನೀನು ಮಾತ್ರ ತಲೆಗೆ ಬಟ್ಟೆ ಕಟ್ಟಿಕೋ, ಮೆಣಸಿನ ಸಾರು ಊಟ ಮಾಡು. ನನ್ನ ಮೇಲಿನ ಸಿಟ್ಟನ್ನು ನಿನ್ನ ಮೈಮೇಲೆ ತೀರಿಸಿಕೊಳ್ಳಬೇಡ.

ನಿನ್ನ ಮುಖ ನೋಡಲು ಹಂಬಲಿಸುವ, ನೋಡಲು ಹೆದರುವ
ಅಮ್ಮ
ಅಗ್ನೆಸ್

ತಾ.ಕ.:
ಮೈಸೂರು, ಭಾನುವಾರ ಬೆಳಿಗ್ಗೆ

ಈ ಕಾಗದವನ್ನು ನಾನು ಅಂಚೆಗೆ ಹಾಕಲಿಲ್ಲ, ಮಾಲವಿಕಾ ಮಾರನೇ ದಿನವೇ ಟಿಕೆಟ್ ಮಾಡಿಸಿದಳು, ಜೊತೆಗೇ ತಂದೆ. ನೆಲ್ಸನ್‌ಗೆ ಮಾತ್ರ ಗೊತ್ತಿತ್ತು, ಅವನನ್ನು ಬೈಯಬೇಡ. ಈಗ ನಿಮ್ಮ ಮನೆಯ ಕೆಳಗೆ, ಸಣ್ಣಮಾದಯ್ಯನವರ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೇನೆ. ಮೇಲೆ ನಿನ್ನ ಮಗಳು ಅಳುತ್ತಿರುವುದು ಕೇಳಿಸುತ್ತಿದೆ. ಅದು ಹಸಿವಿನ ಅಳುವಲ್ಲ ಜೂಲಿ, ಬಿಸಿನೀರು ಬೇಕು ಅನ್ನುವ ಅಳು. ನನಗೆ ಗೊತ್ತಾಗುತ್ತದೆ.

ಹೇಳದೆ ಕೇಳದೆ ಮೆಟ್ಟಿಲು ಹತ್ತುವ ಹಕ್ಕು ನನಗಿಲ್ಲ, ಅದಕ್ಕೇ ಇದನ್ನು ಅಂಗಡಿ ಹುಡುಗನ ಕೈಯಲ್ಲಿ ಮೇಲೆ ಕಳಿಸುತ್ತಿದ್ದೇನೆ. ಹಂಡೆ ಒಲೆ ಹಚ್ಚಲು ನೆಲ್ಸನ್‌ಗೆ ಹೇಳು, ತಾರಸಿಯಲ್ಲಿ ಹೊಗೆ ಕಂಡರೆ ಹತ್ತಿ ಬರುತ್ತೇನೆ. ನೀನು ಮಾತಾಡದಿದ್ದರೂ ಪರವಾಗಿಲ್ಲ, ಎರೆದು ಬಟ್ಟೆ ಸುತ್ತಿ ಕೊಟ್ಟು ಇಳಿದುಬಿಡುತ್ತೇನೆ. ಇವತ್ತು ಹೊಗೆ ಕಾಣದಿದ್ದರೆ ನಾಳೆ ಬರುತ್ತೇನೆ, ನಾಳೆಯೂ ಇಲ್ಲದಿದ್ದರೆ ನಾಡಿದ್ದು. ಎಷ್ಟು ದಿನ ಬೇಕಾದರೂ ಕೂತುಕೋ ಅಗ್ನೆಸಮ್ಮ ಅಂತ ಸಣ್ಣಮಾದಯ್ಯನವರು ಹೇಳಿದ್ದಾರೆ.